ಮಗಳು ಜರ್ಮನಿಗೆ, ಅಮ್ಮನ ಕಿವಿ ಫೋನಿಗೆ!

ಮಗಳಿಗೆ ಕಾಲೇಜಿನಿಂದ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋಗುವ ಅವಕಾಶ ಸಿಕ್ಕಿದೆ. ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದು. ನೆಂಟರಿಷ್ಟರಿಗೆಲ್ಲ ಸಿಹಿ ಹಂಚಿ ಮುಗಿಸೋ ಹೊತ್ತಿಗೆ ಅಮ್ಮನ ಎದೆಯಲ್ಲಿ ಢವಢವ ಶುರು. 'ಒಂದು ಲೋಟ ಕಾಫಿ ಬೆರೆಸಿಕೊಳ್ಳೋಕೂ ಬಾರದ ಹುಡುಗಿ, ಅಷ್ಟು ದೂರ ಹೋಗಿ ಏನ್ ಮಾಡ್ತಾಳೋ?'

ಪಾಠ ಪ್ರವಚನ ಹೇಗೋ ನಡೆದುಹೋಗುತ್ತೆ. ಮಕ್ಕಳನ್ನು ಕಂಗೆಡಿಸೋದು ದಿನನಿತ್ಯದ ಸಣ್ಣಪುಟ್ಟ ಸಂಗತಿಗಳು. ಅವನ್ನು ತಾವೇ ನಿಭಾಯಿಸಿದಾಗಲೇ ಆ ಊರು ಅವರದ್ದಾಗೋದು. ಅದಕ್ಕೆ ನಾವು ಇಲ್ಲಿಂದಲೇ ಹೇಗೆ ಒತ್ತಾಸೆಯಾಗಬಹುದು ಅಂತ ನೋಡೋಣ.

ಸೂಟ್‌ಕೇಸ್ ತುಂಬುವ ಮುನ್ನ

ಚಟ್ನಿಪುಡಿ, ಸಾರಿನ ಪುಡಿ ಕೊಟ್ಟು ಕಳಿಸಿ, ಅಡ್ಡಿಯಿಲ್ಲ. ಆದರೆ ತುಪ್ಪ, ಹಾಲಿನ ಪೇಡ, ಪನೀರ್ ಇಡಬೇಡಿ. ಹೊರಗಿನ ದೇಶಗಳಿಂದ ಬರುವವರು ಹಾಲಿನ ಉತ್ಪನ್ನ ಮತ್ತು ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವನ್ನೂ ಒಯ್ಯುವಂತಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೊಂದುವುದಿಲ್ಲ, ಒಂದು ಅಡಾಪ್ಟರ್ ಜೊತೆಗಿರಲಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಒಂದು ತಿಂಗಳು ಮೊದಲೇ ಅಡುಗೆಮನೆಯನ್ನು ವಾರಕ್ಕೆರಡು ದಿನ ಮಗಳಿಗೆ ಬಿಟ್ಟುಕೊಡಿ. ಅನ್ನ, ಸಾರು, ಒಂದು ಪಲ್ಯ ಬಂದರೆ ಸಾಕು. ಬಟ್ಟೆ ಒಗೆಯೋದು, ಬಚ್ಚಲು ತೊಳೆಯೋದೂ ಅಭ್ಯಾಸವಾಗಲಿ. ಹಲವರು ಸೇರಿ ಬಾಡಿಗೆಗಿರುವ ಮನೆಗಳಲ್ಲಿ ಶುಚಿ ಮಾಡುವ ಸರದಿ ಎಲ್ಲರಿಗೂ ಬರುತ್ತೆ. ಸಮಯವಿದ್ದರೆ ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗೆ ಸೇರಿಸಿ. ಪಾಠ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಸರ್ಕಾರಿ ಕಚೇರಿಗಳಲ್ಲಿ ನಾಲ್ಕು ಮಾತು ಜರ್ಮನ್ ಬಂದರೆ ಎಷ್ಟೋ ಹಗುರ.

ಮೊದಲ ಎರಡು ವಾರ

ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರಿಂದ ಪತ್ರವೂ ಬೇಕು. ಆರೋಗ್ಯ ವಿಮೆ ತೋರಿಸದೆ ವಿಶ್ವವಿದ್ಯಾಲಯದಲ್ಲಿ ಹೆಸರು ದಾಖಲಾಗೋದಿಲ್ಲ.

ವಿದ್ಯಾರ್ಥಿವೇತನ ಇಲ್ಲದವರು ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಗಿದೆ. ಸಾಮಾನ್ಯವಾಗಿ ಈ ಹಣವನ್ನು ವಿಶೇಷ ಖಾತೆಯಲ್ಲಿ ಇಡುತ್ತಾರೆ. ಅದು ಕೈಗೆ ಬರೋದು ಅಲ್ಲಿ ಹೋದ ಮೇಲೆ, ತಿಂಗಳಿಗಿಷ್ಟು ಅಂತ. ಆದ್ದರಿಂದ ಮೊದಲ ಕೆಲವು ವಾರದ ಖರ್ಚಿಗೆ ಬೇರೆ ದುಡ್ಡು ಕೈಯಲ್ಲಿರಲಿ.

ಭಾನುವಾರ ಎಲ್ಲಾ ಬಂದ್!

'ಅಮ್ಮಾ, ಹಾಲು ಮುಗಿದಿದೆ, ಒಂದು ಅಂಗಡೀನೂ ತೆಗೆದಿಲ್ಲ ಕಣಮ್ಮಾ!' ಮೊದಲ ಭಾನುವಾರದ ಫೋನ್ ಹೀಗಿದ್ದರೆ ಗಾಬರಿಯಾಗಬೇಡಿ. ಭಾನುವಾರ ಅಲ್ಲಿ ಸೂಪರ್ ಮಾರ್ಕೆಟ್‌ಗಳಿಗೂ ರಜೆ. ತೆರೆದಿರೋದು ಕೆಲವು ಬೇಕರಿ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು. ಶನಿವಾರವೇ ದಿನಸಿ ತಂದಿಟ್ಟುಕೊಳ್ಳೋದು ಒಂದೆರಡು ವಾರದಲ್ಲಿ ರೂಢಿಯಾಗುತ್ತೆ.

ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು. ಕೊಳ್ಳುವಾಗಲೇ ಅದಕ್ಕೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ದುಡ್ಡು ವಾಪಸ್. ಕಾಗದ, ಪ್ಲಾಸ್ಟಿಕ್, ಅಡುಗೆಮನೆ ಕಸಕ್ಕೆ ಬೇರೆ ಬೇರೆ ಡಬ್ಬಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದರೆ ಪಕ್ಕದವರು ಬಾಗಿಲು ತಟ್ಟಬಹುದು!

ಒಂಟಿತನ ಕಾಡಿದಾಗ

ಮೊದಲ ಸಂಭ್ರಮ ಇಳಿಯೋ ಹೊತ್ತಿಗೆ ಚಳಿಗಾಲ ಬಂದಿರುತ್ತೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕು, ನಾಲ್ಕೂವರೆಗೇ ಕತ್ತಲು. ಮಕ್ಕಳು ಮಂಕಾಗೋದು ಆಗಲೇ. ಹೆತ್ತ ಕರುಳು ತಡೆಯದೆ ನಾವು ದಿನಕ್ಕೆ ಮೂರು ಸಲ ಫೋನ್ ಮಾಡ್ತೀವಿ. ಆದರೆ ಸಂಜೆಯೆಲ್ಲ ನಮ್ಮ ಜೊತೆಯೇ ಮಾತಾಡುತ್ತಾ ಕೋಣೆಯಲ್ಲಿ ಕೂತ ಹುಡುಗಿಗೆ ಅಲ್ಲಿ ಗೆಳತಿಯರು ಸಿಗೋದಾದರೂ ಹೇಗೆ?

ಆದ್ದರಿಂದ ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಚಳಿಗಾಲದ ಭಾನುವಾರ ನಮ್ಮ ಮಧ್ಯಾಹ್ನ ಎರಡೂವರೆ ಅಂದರೆ ಅಲ್ಲಿ ಬೆಳಿಗ್ಗೆ ಹತ್ತು. ಅಂಗಡಿ ಮುಚ್ಚಿ ಊರೇ ಮೌನವಾಗಿರುವ ಆ ದಿನ ಮನೆಯವರ ದನಿ ಹೆಚ್ಚು ಬೇಕೆನಿಸುತ್ತೆ. ಅವತ್ತು ಮನಸಾರೆ ಮಾತಾಡಿ. ವಾರದ ಉಳಿದ ದಿನ ಒಂದು ಪುಟ್ಟ ಮೆಸೇಜ್ ಸಾಕು.

ಅತ್ತರೆ 'ವಾಪಸ್ ಬಂದ್ಬಿಡು' ಅನ್ನಬೇಡಿ, ಪೂರ್ತಿ ಕೇಳಿಸಿಕೊಳ್ಳಿ. 'ಊಟ ಆಯ್ತಾ?' ಅನ್ನೋ ಬದಲು 'ಯಾರ ಜೊತೆ ಊಟ ಮಾಡ್ದೆ?' ಅಂತ ಕೇಳಿ. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಸಾಮಾನ್ಯವಾಗಿ ಸಸ್ಯಾಹಾರವೂ ಇರುತ್ತೆ, ಮಧ್ಯಾಹ್ನ ಅಲ್ಲಿ ಸಹಪಾಠಿಗಳ ಜೊತೆ ಕೂರೋದು ರೂಢಿಯಾಗಲಿ. ಹೊಸಬರಿಗೆ ಅಲ್ಲಿನ ವಿದ್ಯಾರ್ಥಿಯೊಬ್ಬರನ್ನು ಜೊತೆ ಮಾಡಿಕೊಡುವ ವ್ಯವಸ್ಥೆ ಹಲವು ಕಡೆ ಇದೆ. ಅದಕ್ಕೆ ಹೆಸರು ಕೊಡುವಂತೆ ಹೇಳಿ.

ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕ್ಲಾಸಿಗೂ ಹೋಗುತ್ತಿಲ್ಲ ಅಂದರೆ ಹಗುರಾಗಿ ತಗೋಬೇಡಿ. ವಿಶ್ವವಿದ್ಯಾಲಯದ ಆಪ್ತಸಲಹಾ ಕೇಂದ್ರಕ್ಕೆ ಹೋಗುವಂತೆ ಒತ್ತಾಯಿಸಿ. ತುರ್ತು ಸಂದರ್ಭಕ್ಕೆ 112 ಸಂಖ್ಯೆ ನೆನಪಿರಲಿ.

ಕೊನೆಗೊಂದು ಮಾತು. ವಾರದ ಫೋನನ್ನು ಮಗಳೇ ಮರೆತಳು ಅಂತ ಬೇಜಾರಾಗಬೇಡಿ. ಅವತ್ತು ಅವಳಿಗೆ ಅಲ್ಲಿ ನಾಲ್ಕು ಜನ ಸಿಕ್ಕಿದ್ದಾರೆ ಅಂತಲೇ ಅರ್ಥ ಇರಬಹುದು!