ನಾನಕ್ ಝೀರಾ: ಜಂಬಿಟ್ಟಿಗೆಯ ಗುಡ್ಡದ ಸಿಹಿನೀರು

ಗುರುನಾನಕ್ ಝೀರಾ ಸಾಹಿಬ್ ಬೀದರಿನಲ್ಲಿರುವ ಸಿಖ್ಖರ ಗುರುದ್ವಾರ. ಮೂರು ಕಡೆ ಕೆಂಪು ಗುಡ್ಡಗಳು ಸುತ್ತುವರಿದ ತಗ್ಗಿನಲ್ಲಿ ಅದು ನಿಂತಿದೆ. ಗುಡ್ಡದ ಬುಡದಲ್ಲಿ ಒಸರುವ ನೀರನ್ನು ಅಮೃತಕುಂಡದಲ್ಲಿ ಹಿಡಿದಿಡುತ್ತಾರೆ; ಬಂದವರು ಅದನ್ನು ತೀರ್ಥವೆಂದು ಕುಡಿದು, ಊರಿಗೂ ಒಯ್ಯುತ್ತಾರೆ. ಗುರುದ್ವಾರದ ಕಟ್ಟಡ ಕಟ್ಟಿದ್ದು 1948ರಲ್ಲಿ. ಸ್ಥಳದ ಕಥೆ ಅದಕ್ಕಿಂತ ನಾಲ್ಕು ಶತಮಾನಕ್ಕೂ ಹಳೆಯದು.

ಗುರುನಾನಕರು (1469–1539) ದಕ್ಷಿಣದ ಯಾತ್ರೆಯಲ್ಲಿ, 16ನೇ ಶತಮಾನದ ಆರಂಭದಲ್ಲಿ, ಬೀದರಿನ ಹೊರವಲಯಕ್ಕೆ ಬಂದು ಫಕೀರರ ಗುಡಿಸಲುಗಳ ಬಳಿ ಉಳಿದರೆಂಬುದು ಪ್ರತೀತಿ. ಎಷ್ಟು ಬಾವಿ ತೋಡಿದರೂ ನೀರು ಸಿಗುವುದಿಲ್ಲ, ಸಿಕ್ಕರೂ ಸವುಳು ಎಂದು ಅಲ್ಲಿನವರು ಅಳಲು ತೋಡಿಕೊಂಡರು. ಗುರುಗಳು ದೇವರ ಹೆಸರು ಹೇಳಿ, ಪಾದುಕೆಯಿಂದ ಗುಡ್ಡದ ಬದಿಯನ್ನು ಮುಟ್ಟಿ ಒಂದು ಕಲ್ಲನ್ನು ಸರಿಸಿದರು. ಅಲ್ಲಿಂದ ಸಿಹಿನೀರು ಚಿಮ್ಮಿತು. 1699ರಲ್ಲಿ ಖಾಲ್ಸಾ ಪಂಥಕ್ಕೆ ಮೊದಲು ದೀಕ್ಷೆ ಪಡೆದ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂಬ ಕಾರಣಕ್ಕೂ ಸಿಖ್ಖರಿಗೆ ಈ ಊರು ಪೂಜ್ಯ.

ಭೂವಿಜ್ಞಾನದ ಕಣ್ಣಿನಿಂದ ನೋಡಿದಾಗ ಈ ಕಥೆಯ ಎರಡು ವಿವರಗಳು ಮುಖ್ಯವಾಗುತ್ತವೆ: ಬಾವಿಗಳು ಸೋತದ್ದು, ನೀರು ಗುಡ್ಡದ ಬದಿಯಲ್ಲಿ ಸಿಕ್ಕಿದ್ದು. ಹುಮನಾಬಾದಿನಿಂದ ಹಳ್ಳಿಖೇಡ (ಬಿ) ದಾಟಿ ಬೀದರಿನತ್ತ ಸಾಗುವ ಸೀಮೆಯ ಅಡಿಪಾಯ ದಖ್ಖನ್ನಿನ ಕಪ್ಪು ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ತಣಿದು ಅದು ಉಂಟಾಯಿತು. ಆಮೇಲಿನ ದೀರ್ಘ ಕಾಲದಲ್ಲಿ ಬಿಸಿಲು ಮಳೆಗಳಿಗೆ ಶಿಲೆಯ ಮೇಲ್ಭಾಗ ಕೊಳೆಯಿತು. ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ ನೀರಿನಲ್ಲಿ ಕರಗಿ ಹೋದವು. ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದವು. ಹೀಗೆ ಉಳಿದ ಕೆಂಪು ಕಲ್ಲೇ ಜಂಬಿಟ್ಟಿಗೆ. ಬೀದರ್ ಕೋಟೆ ನಿಂತಿರುವ ಪ್ರಸ್ಥಭೂಮಿಯ ಹೊದಿಕೆ ಇದೇ.

ಜಂಬಿಟ್ಟಿಗೆಯ ಒಡಲು ಜೇನುಹುಟ್ಟಿನಂತೆ ತೂತುಮಯ. ವರ್ಷಕ್ಕೆ ಇಲ್ಲಿ ಬೀಳುವ ಮಳೆ 850 ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನೀರಿನ ಒಂದು ಪಾಲು ಈ ತೂತುಗಳಲ್ಲಿ ಇಳಿಯುತ್ತದೆ. ಜಂಬಿಟ್ಟಿಗೆಯ ಕೆಳಗೆ ಅರೆಕೊಳೆತ ಶಿಲೆಯ ಜೇಡಿಪದರವಿದೆ; ಅದು ನೀರನ್ನು ಸುಲಭವಾಗಿ ಬಿಡದು. ಮುಂದೆ ಇಳಿಯಲಾರದ ನೀರು ಅಡ್ಡಡ್ಡ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಕಲ್ಲು ಮತ್ತು ಜೇಡಿ ಕೂಡುವ ಗೆರೆಯಲ್ಲಿ ಹೊರಬೀಳುತ್ತದೆ. ಮೇಲಿನಿಂದ ಬಾವಿ ತೋಡುವವರು ಜಂಬಿಟ್ಟಿಗೆಯ ಇಡೀ ದಪ್ಪವನ್ನು ಕೊರೆಯಬೇಕು. ಅಂಚಿನಲ್ಲಾದರೆ ಒಂದು ಕಲ್ಲು ಸರಿದರೂ ಸಾಕು. ಕಥೆ ನೀರನ್ನು ತೋರಿಸುವ ಜಾಗ ನೆಲದ ರಚನೆಗೆ ಸರಿಯಾಗಿ ಹೊಂದುತ್ತದೆ. ಭಕ್ತರ ನಂಬಿಕೆಗೆ ಇದರಿಂದ ಯಾವ ಕೊರತೆಯೂ ಇಲ್ಲ.

ನೀರಿನ ಸಿಹಿಗೂ ಇದೇ ಕಲ್ಲು ಕಾರಣ. ಕರಗುವ ಲವಣಗಳೆಲ್ಲ ಎಂದೋ ತೊಳೆದುಹೋದ ಜಂಬಿಟ್ಟಿಗೆಯಲ್ಲಿ ನೀರು ಹೊತ್ತುಕೊಳ್ಳಲು ಹೆಚ್ಚೇನೂ ಉಳಿದಿಲ್ಲ. ಕಪ್ಪು ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡುಸಾಗುತ್ತದೆ. ತೂತುಗಳಲ್ಲಿ ತುಂಬಿದ ನೀರು ನಿಧಾನವಾಗಿ ಒಸರುವುದರಿಂದ ಮಳೆ ನಿಂತು ತಿಂಗಳುಗಳಾದರೂ ಬುಗ್ಗೆ ಹರಿಯುತ್ತಲೇ ಇರುತ್ತದೆ.

ಝೀರಾ ಒಂಟಿಯಲ್ಲ. ಪಾಪನಾಶ ಶಿವಾಲಯದ ಕೊಳ, ಎದೆಮಟ್ಟದ ನೀರಿನಲ್ಲಿ ಸುರಂಗ ದಾಟಿ ದರ್ಶನ ಪಡೆಯುವ ಝರಣಿ ನರಸಿಂಹ ಗುಹಾಲಯ, ಎರಡಕ್ಕೂ ಇಂಥ ಬುಗ್ಗೆಗಳೇ ಆಧಾರ. ಬಹಮನಿ ಕಾಲದ ಜನ ಈ ನೀರನ್ನು ಇನ್ನೂ ಆಳವಾಗಿ ಅರಿತಿದ್ದರು. 15ನೇ ಶತಮಾನದಲ್ಲಿ ಪರ್ಷಿಯಾದ ಕರೇಜ್ ವಿದ್ಯೆಯನ್ನು ತಂದು, ನೌಬಾದಿನಲ್ಲಿ ಜಂಬಿಟ್ಟಿಗೆಯೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಬಾವಿ ತೋಡಿ, ಬರೀ ಇಳಿಜಾರಿನ ಬಲದಿಂದ ನೀರು ಹರಿಸಿದರು. ಇದು ಕನ್ನಡನಾಡಿನ ಜಲವಿದ್ಯೆಯ ಅತ್ಯುತ್ತಮ ಸಾಧನೆಗಳಲ್ಲೊಂದು.

ಈ ಎಲ್ಲ ನೀರಿನ ಮೂಲ ಮೇಲಿನ ಬಯಲಿನಲ್ಲಿ ಇಂಗುವ ಮಳೆ. ಅಲ್ಲಿ ಕಾಂಕ್ರೀಟು ಹರಡಿದಷ್ಟೂ ಇಂಗುವಿಕೆ ತಗ್ಗುತ್ತದೆ. ಕೊಳವೆಬಾವಿಗಳು ಜಂಬಿಟ್ಟಿಗೆಯ ನೀರನ್ನು ಎಳೆದಷ್ಟೂ ಅಂಚಿನ ಒಸರು ಸಣ್ಣದಾಗುತ್ತದೆ. ಆದ್ದರಿಂದ ಝೀರಾದ ರಕ್ಷಣೆಯೆಂದರೆ ಗುರುದ್ವಾರದ ಅಂಗಳದ ರಕ್ಷಣೆಯಷ್ಟೇ ಅಲ್ಲ. ಅದಕ್ಕೆ ನೀರೂಡುವ ಮೇಲಿನ ಕೆಂಪು ಬಯಲೂ ಅದರಲ್ಲಿ ಸೇರುತ್ತದೆ.