ಐದು ಜನ, ಎಂಬತ್ತೊಂದು ತಿಂಗಳು

ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. 2011ರ ಜನಗಣತಿಯಲ್ಲಿ ಮಂಗಳೂರು ನಗರದ ಜನ ಐದು ಲಕ್ಷದ ಆಸುಪಾಸು. ಅಂದರೆ ಬಂದರಿನಿಂದ ಪಡೀಲಿನವರೆಗೆ ಎಷ್ಟು ತಲೆಗಳಿವೆಯೋ ಅಷ್ಟು ಕಣಗಳು ಕಾಲು ಸೆಕೆಂಡಿಗೊಮ್ಮೆ ಮೂಳೆಯೊಳಗಿಂದ ಹೊರಬೀಳುತ್ತಿವೆ. ಇದಕ್ಕೆಲ್ಲ ಬುಡದಲ್ಲಿರುವ ಆಕರಕೋಶಗಳು, ಆಸ್ಪತ್ರೆಯವರು ಸ್ಟೆಮ್ ಸೆಲ್ ಎನ್ನುವವು, ಎಷ್ಟು? 2018ರಲ್ಲಿ 59 ವರ್ಷದ ಒಬ್ಬ ಗಂಡಸಿನ ರಕ್ತ, ಮೂಳೆಮಜ್ಜೆ ಪರೀಕ್ಷಿಸಿ ಹಾಕಿದ ಲೆಕ್ಕ: 50 ಸಾವಿರದಿಂದ 2 ಲಕ್ಷ. ಅಷ್ಟೇ. ಈ ಕೋಶಗಳನ್ನೇ ಒಂದು ರೋಗದ ಮದ್ದಾಗಿಸಿದ ಪ್ರಯತ್ನ ವೆಲ್ಲೂರಿನದು.

ಮಂಗಳೂರು ಸೆಂಟ್ರಲ್‌ನಲ್ಲಿ ಚೆನ್ನೈ ಮೇಲ್ ಹತ್ತಿ ಕಾಟ್ಪಾಡಿಯಲ್ಲಿ ಇಳಿಯುವವರ ಕೈಯಲ್ಲಿ ಹೆಚ್ಚಾಗಿ ಒಂದು ಫೈಲ್ ಇರುತ್ತದೆ. ಹೋಗುವುದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ. ಅಲ್ಲಿ ರಕ್ತರೋಗ ತಜ್ಞರಾಗಿದ್ದ ಡಾ. ಅಲೋಕ್ ಶ್ರೀವಾಸ್ತವ ದಶಕಗಳ ಕಾಲ ಬೆನ್ನು ಹತ್ತಿದ್ದು ಹಿಮೋಫಿಲಿಯಾ. ಅದರ ‘ಎ’ ಬಗೆ ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ರೋಗ. ಅದರಲ್ಲಿ ಕಡಿಮೆಯಿರುವುದು ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಎಂಬ ಪ್ರೋಟೀನ್. ಆರೋಗ್ಯವಂತನ ಇಡೀ ರಕ್ತದಲ್ಲಿ ಅದನ್ನು ಕೂಡಿಸಿದರೂ ಒಂದು ಮಿಲಿಗ್ರಾಂ ಆಗದು! ಅದಿಲ್ಲದವನಿಗೆ ಮಂಡಿಯೊಳಗೆ, ಮೊಣಕೈಯೊಳಗೆ ತಾನಾಗಿ ರಕ್ತ ಜಿನುಗಿ ಕೀಲು ಊದುತ್ತದೆ. ರೋಗ ತೀವ್ರವಾಗಿದ್ದು ಔಷಧ ಸಿಗದಿದ್ದರೆ ವರ್ಷಕ್ಕೆ ಇಪ್ಪತ್ತು, ಮೂವತ್ತು ಸಲ.

ಇದಕ್ಕೆ ಅಮೆರಿಕ 2023ರಲ್ಲಿ ಒಪ್ಪಿದ ಜೀನ್ ಚಿಕಿತ್ಸೆಯಲ್ಲಿ ಫ್ಯಾಕ್ಟರಿನ ವಂಶವಾಹಿ ಹೊತ್ತ ವೈರಸ್ಸನ್ನು ರಕ್ತನಾಳಕ್ಕೆ ಏರಿಸುತ್ತಾರೆ. ದೇಹತೂಕದ ಪ್ರತಿ ಕಿಲೋಗೆ 60 ಲಕ್ಷ ಕೋಟಿ ವೈರಸ್. 2025-26ರ ಕೇಂದ್ರ ಬಜೆಟ್ಟಿನ ರೂಪಾಯಿಗಳೂ ಇಷ್ಟಿರಲಿಲ್ಲ. ಅರವತ್ತು ಕಿಲೋ ಆಳಿಗೆ 36 ಕೋಟಿ ಕೋಟಿ. 2023ರಲ್ಲಿ ಅದರ ಬೆಲೆ 29 ಲಕ್ಷ ಡಾಲರ್ ಇತ್ತು. ಇಷ್ಟಾದರೂ ಪರಿಣಾಮ ವರ್ಷ ಕಳೆದಂತೆ ಇಳಿಯುತ್ತದೆ.

ಶ್ರೀವಾಸ್ತವ ಅವರ ತಂಡ ಹಿಡಿದದ್ದು ಬೇರೆ ದಾರಿ. ಸಿಎಂಸಿಯಲ್ಲಿದ್ದರೂ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿರುವ ಆಕರಕೋಶ ಸಂಶೋಧನಾ ಕೇಂದ್ರದಲ್ಲಿ, ರೋಗಿಯದೇ ಆಕರಕೋಶಗಳನ್ನು ರಕ್ತದಿಂದ ಸೋಸಿ, ಎಚ್‌ಐವಿಯ ಹಲ್ಲು ಕಿತ್ತು ಮಾಡಿದ ವೈರಸ್ಸಿನಿಂದ ವಂಶವಾಹಿ ತುಂಬಿ, ವಾಪಸ್ ಕೊಟ್ಟರು. ಮೂಲ ವಂಶವಾಹಿ 1,86,000 ಡಿಎನ್ಎ ಅಕ್ಷರ ಉದ್ದ. ವೈರಸ್ಸಿಗೆ ಹಿಡಿಸಲು ಕತ್ತರಿಸಿದರೆ ಉಳಿಯುವುದು ನಾಲ್ಕೂವರೆ ಸಾವಿರದಷ್ಟು. ಅದರಲ್ಲೂ ಒಂದಿಷ್ಟು ಹಂದಿಯದ್ದು, ಏಕೆಂದರೆ ಹಂದಿಯ ಫ್ಯಾಕ್ಟರ್ ಜೀವಕೋಶದಿಂದ ಧಾರಾಳವಾಗಿ ಹೊರಬರುತ್ತದೆ. ಹೊಸ ಕೋಶಗಳಿಗೆ ಜಾಗ ಮಾಡಲು ಹಳೆಯ ಮಜ್ಜೆಯನ್ನು ಕೀಮೊ ಕೊಟ್ಟು ಖಾಲಿ ಮಾಡಬೇಕು. ಇದು ಸಣ್ಣ ಸಂಕಟವಲ್ಲ.

2024ರ ಡಿಸೆಂಬರಿನಲ್ಲಿ ಫಲಿತಾಂಶ ಅಚ್ಚಾಯಿತು. ರೋಗಿಗಳು ಐದೇ ಜನ, ವಯಸ್ಸು 22ರಿಂದ 41. ಐವರನ್ನೂ ಗಮನಿಸಿದ ಅವಧಿ ಕೂಡಿಸಿದರೆ 81 ತಿಂಗಳು, ಏಳು ವರ್ಷವೂ ತುಂಬುವುದಿಲ್ಲ. ಇಷ್ಟರಿಂದ ರೋಗ ಹೋಯಿತು ಎನ್ನುವುದು ಆತುರ. ಆದರೆ ಆ 81 ತಿಂಗಳಲ್ಲಿ ಐವರಿಗೂ ಸೇರಿ ಆದ ರಕ್ತಸ್ರಾವ ಸೊನ್ನೆ.