ಕರೆಂಟ್ ಎಲ್ಲಿ ಹೆಚ್ಚು ಹೋಗುತ್ತೆ? ಕಾರ್ಕಳದಿಂದ ಜರ್ಮನಿವರೆಗೆ ಒಂದು ಲೆಕ್ಕ

ಮಳೆಗಾಲ ಶುರುವಾದರೆ ಉಡುಪಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ: "ನಿಮ್ಮಲ್ಲಿ ಕರೆಂಟ್ ಉಂಟಾ?" ಆಗ ವಿದೇಶದಲ್ಲಿರುವ ಯಾರಾದರೂ "ಇಲ್ಲಿ ಹೋಗುವುದೇ ಇಲ್ಲ ಮಾರಾಯ" ಅಂತ ಮೆಸೇಜ್ ಹಾಕ್ತಾರೆ. ನಿಜವಾ? ಇದನ್ನು ಅಳೆಯೋದು ಹೇಗೆ? ಇವತ್ತು ಅದನ್ನೇ ನೋಡೋಣ.

ಅಳತೆಗೆ ಎರಡು ಸೂಚ್ಯಂಕಗಳಿವೆ. ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸರಾಸರಿ ಎಷ್ಟು ಸಲ ಕರೆಂಟ್ ಹೋಯ್ತು ಅನ್ನೋದು ಸೈಫಿ. ಒಟ್ಟು ಎಷ್ಟು ಹೊತ್ತು ಇರಲಿಲ್ಲ ಅನ್ನೋದು ಸೈಡಿ. 1,000 ಮನೆಗಳ ಒಂದು ಊರು ಅಂತಿಟ್ಟುಕೊಳ್ಳಿ. ವರ್ಷದಲ್ಲಿ ಒಂದೇ ಸಲ, 500 ಮನೆಗೆ, 2 ಗಂಟೆ ಕರೆಂಟ್ ಹೋಯ್ತು. ಆಗ ಸೈಫಿ 0.5, ಸೈಡಿ 60 ನಿಮಿಷ.

ಜರ್ಮನಿಯಲ್ಲಿ 2022ರ ಸೈಡಿ ಸುಮಾರು 12 ನಿಮಿಷ. ಅಮೆರಿಕದಲ್ಲಿ ಅದೇ ವರ್ಷ ಸುಮಾರು ಐದೂವರೆ ಗಂಟೆ! ಚಂಡಮಾರುತ, ಹಿಮಪಾತದಂಥ ದೊಡ್ಡ ಘಟನೆಗಳನ್ನು ಬಿಟ್ಟರೆ ಅಮೆರಿಕದ್ದೂ ಸುಮಾರು 2 ಗಂಟೆಗೆ ಇಳಿಯುತ್ತೆ.

ಇಲ್ಲೊಂದು ಸೂಕ್ಷ್ಮ ಉಂಟು. ಜರ್ಮನಿಯವರು 3 ನಿಮಿಷಕ್ಕಿಂತ ಹೆಚ್ಚು ಹೊತ್ತು ಹೋದರೆ ಮಾತ್ರ ಲೆಕ್ಕ ಹಿಡೀತಾರೆ. ದೊಡ್ಡ ಪ್ರಕೃತಿ ವಿಕೋಪವನ್ನೂ ಆ 12 ನಿಮಿಷಕ್ಕೆ ಸೇರಿಸೋದಿಲ್ಲ. ಅಂದರೆ ಕಾರ್ಕಳದಲ್ಲಿ ಫ್ಯಾನ್ ನಿಂತು, ವೈಫೈ ಆಫ್ ಆಗಿ, ಒಂದು ನಿಮಿಷದಲ್ಲಿ ವಾಪಸ್ ಬರುತ್ತಲ್ಲ, ಅದು ಅಲ್ಲಿಯ ಪಟ್ಟಿಗೇ ಬರೋದಿಲ್ಲ. ಹಾಗಾಗಿ ಯಾವುದೇ ದೇಶದ ಅಂಕಿ ನೋಡಿದರೂ ಮೊದಲು ಕೇಳಬೇಕಾದ್ದು: ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ?

ಈಗ ನಮ್ಮೂರಿಗೆ ಬರೋಣ. ಕಾಪು ತಾಲೂಕಿನ ಎಲ್ಲೂರಲ್ಲೇ 1,200 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆ. ಹಾಗಿದ್ದೂ ಪಕ್ಕದ ಮನೆಯಲ್ಲಿ ಕತ್ತಲೆ ಯಾಕೆ? ಆ ಕರೆಂಟ್ ದೊಡ್ಡ ಲೈನ್‌ಗಳಲ್ಲಿ ರಾಜ್ಯದ ಗ್ರಿಡ್ ಸೇರುತ್ತೆ. ನಿಮ್ಮ ಮನೆಗೆ ಬರೋದು ಸಬ್‌ಸ್ಟೇಷನ್‌, 11 ಕೆವಿ ಲೈನ್, ಟಿಸಿ ದಾಟಿ. ಮಳೆಗಾಲದಲ್ಲಿ ಹೆಚ್ಚಾಗಿ ಕೆಡೋದು ಈ ಕೊನೆಯ ಭಾಗ. ಘಟ್ಟದ ಬುಡದ ಕಾರ್ಕಳದಲ್ಲಿ ಮರ, ಸಿಡಿಲು. ಕಡಲ ಬದಿಯ ಕಾಪುವಿನಲ್ಲಿ ಇನ್ಸುಲೇಟರ್ ಮೇಲೆ ಕೂರುವ ಉಪ್ಪು. ಮಣಿಪಾಲದ ದೊಡ್ಡ ಕಟ್ಟಡಗಳಲ್ಲಿ ಜನರೇಟರ್ ಆನ್ ಆದರೆ ಕರೆಂಟ್ ಹೋದದ್ದೇ ಗೊತ್ತಾಗೋದಿಲ್ಲ. ಆದರೆ ಜನರೇಟರ್ ಇದ್ದರೂ ಸೈಡಿ ಕಮ್ಮಿಯಾಗೋದಿಲ್ಲ, ಲೈನ್‌ನಲ್ಲಿ ಕರೆಂಟ್ ಇಲ್ಲ ಅಂದರೆ ಇಲ್ಲ.

ಇನ್ನೊಂದು, ಸರಾಸರಿ ಅನ್ನೋದು ತುಂಬ ವಿಷಯ ಮುಚ್ಚಿಡುತ್ತೆ. ಉಡುಪಿ ಪೇಟೆಯಲ್ಲಿ ಹತ್ತು ನಿಮಿಷ, ಘಟ್ಟದ ಬುಡದ ಹಳ್ಳಿಯಲ್ಲಿ ಎರಡು ದಿನ. ಪೇಟೆಯಲ್ಲಿ ಗ್ರಾಹಕರು ಜಾಸ್ತಿ ಇದ್ದರೆ ಒಟ್ಟು ಅಂಕಿ ಚೆನ್ನಾಗೇ ಕಾಣುತ್ತೆ. ಆ ಹಳ್ಳಿಯ ಎರಡು ದಿನ ಅದರಲ್ಲಿ ಕರಗಿ ಹೋಗುತ್ತೆ.

ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಸೈಫಿ, ಸೈಡಿ ಎರಡೂ ಇವೆ. ಅಂದರೆ ಕರೆಂಟ್ ಹೋಗೋದು ಹಣೆಬರಹ ಅಲ್ಲ, ಲೆಕ್ಕ ಕೇಳಬಹುದಾದ ವಿಷಯ. ಫೀಡರ್ ಪೂರ್ತಿ ಹೋದರೆ ಸಬ್‌ಸ್ಟೇಷನ್‌ಗೆ ಗೊತ್ತಾಗುತ್ತೆ. ನಿಮ್ಮ ಬೀದಿಯ ಟಿಸಿಯಲ್ಲಿ ಒಂದು ಫ್ಯೂಸ್ ಹೋದರೆ? ಯಾರಾದರೂ ಹೇಳದೆ ಗೊತ್ತಾಗೋದು ಕಷ್ಟ. ಹಾಗಾಗಿ ಗ್ರೂಪ್‌ನಲ್ಲಿ "ಕರೆಂಟ್ ಉಂಟಾ" ಅಂತ ಕೇಳಿದ ಮೇಲೆ, ಮೆಸ್ಕಾಂನ 1912ಕ್ಕೂ ಒಂದು ಕಾಲ್ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಫೋನ್ ಚಾರ್ಜ್ ಮಾಡಿಟ್ಟಿರಿ!